ಬಾಡಿಗೆ ಬಾಕಿ ಇದೆ ಅಂತ ಬೀಗ ಜಡಿಯಂಗಿಲ್ಲ: ಮಾಲೀಕರು ನೋಟಿಸ್ ಕೊಡೋದು ಹೇಗೆ, ಎಷ್ಟು ದಿನ ಟೈಮ್ ಕೊಡಬೇಕು?

ಮೂರು ತಿಂಗಳಿಂದ ಅಂಗಡಿ ಬಾಡಿಗೆ ಬಂದಿಲ್ಲ. ಫೋನ್ ಮಾಡಿದ್ರೆ "ಅಣ್ಣ, ಹಬ್ಬ ಮುಗೀಲಿ, ಒಟ್ಟಿಗೇ ಕೊಟ್ಬಿಡ್ತೀನಿ" ಅಂತಾರೆ. ಹಬ್ಬ ಮುಗಿದ ಮೇಲೆ ಫೋನೇ ಎತ್ತಲ್ಲ. ಕೊನೆಗೆ ಮಾಲೀಕರಿಗೆ ಸಿಟ್ಟು ನೆತ್ತಿಗೇರುತ್ತೆ, ರಾತ್ರೋರಾತ್ರಿ ಶಟರ್‌ಗೆ ಇನ್ನೊಂದು ಬೀಗ ಬೀಳುತ್ತೆ. ಅಲ್ಲಿಗೆ ದುಡ್ಡು ಬರಬೇಕಾದವರೇ ತಪ್ಪಿತಸ್ಥರಾಗಿ ನಿಲ್ಲೋ ಹಾಗಾಗುತ್ತೆ.

ನಮ್ಮ ನಾಲ್ಕೂ ತಾಲ್ಲೂಕಲ್ಲಿ ಬಾಡಿಗೆ ಅನ್ನೋದು ದೊಡ್ಡ ವ್ಯವಹಾರ. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಶೆಡ್‌ಗಳು, ದೇವನಹಳ್ಳಿಯಲ್ಲಿ ಏರ್‌ಪೋರ್ಟ್ ಕೆಲಸಕ್ಕೆ ಬಂದವರಿಗೆ ಕಟ್ಟಿದ ರೂಮುಗಳು, ಹೊಸಕೋಟೆ ಮತ್ತು ನೆಲಮಂಗಲದಲ್ಲಿ ಹೆದ್ದಾರಿ ಪಕ್ಕದ ಅಂಗಡಿ, ಗೋಡೌನುಗಳು. ಮಾಲೀಕರು ಅಂದ್ರೆ ಎಲ್ಲರೂ ಸಾಹುಕಾರರೇನಲ್ಲ. ಮನೆ ಮುಂದೆ ಎರಡು ಅಂಗಡಿ ಕಟ್ಟಿ, ಆ ಬಾಡಿಗೆಯಲ್ಲೇ ಬ್ಯಾಂಕ್ ಕಂತು ಕಟ್ಟೋರು, ವಯಸ್ಸಾದ ಮೇಲೆ ಅದರಲ್ಲೇ ಔಷಧಿ, ರೇಷನ್ನು ನೋಡಿಕೊಳ್ಳೋರು ತುಂಬಾ ಜನ ಇದ್ದಾರೆ. ಆ ಕಡೆ ಬಾಡಿಗೆದಾರರಿಗೂ ಅಂಗಡಿಯೇ ಹೊಟ್ಟೆಪಾಡು. ಹಾಗಾಗಿ ಬಾಕಿ ಜಗಳ ಬಂದಾಗ ಕಾನೂನು ಏನು ಹೇಳುತ್ತೆ ಅನ್ನೋದು ಇಬ್ಬರಿಗೂ ಗೊತ್ತಿರಬೇಕು.

ಒಂದೇ ಮಾತಲ್ಲಿ ಹೇಳೋದಾದ್ರೆ: ಬಾಡಿಗೆದಾರರನ್ನ ಬಿಡಿಸೋದು ಬೀಗ ಅಲ್ಲ, ಕಾಗದ. ಆ ಕಾಗದ ಸರಿಯಾಗಿ ಬರೆದು, ಸರಿಯಾಗಿ ತಲುಪಿಸಿದ್ದಕ್ಕೆ ಸಾಕ್ಷಿ ಇಟ್ಟುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

(ಈ ಲೇಖನ ತಿಂಗಳ ಬಾಡಿಗೆಗೆ ಸಂಬಂಧಿಸಿದ್ದು. ಒಟ್ಟಿಗೆ ದೊಡ್ಡ ಮೊತ್ತ ಕೊಟ್ಟು ಇರೋ ಭೋಗ್ಯದ ಲೆಕ್ಕ ಬೇರೆ.)

ಬೀಗ ಹಾಕಿದ್ರೆ ಏನಾಗುತ್ತೆ?

ಬಾಡಿಗೆ ಬಾಕಿ ಸಿವಿಲ್ ವ್ಯಾಜ್ಯ. ಬಾಡಿಗೆದಾರರನ್ನ ಖಾಲಿ ಮಾಡಿಸೋ ಅಧಿಕಾರ ಪೊಲೀಸ್ ಠಾಣೆಗಿಲ್ಲ, ಊರ ಮುಖಂಡರಿಗೂ ಇಲ್ಲ. ಅದು ಕೋರ್ಟಿನ ಕೆಲಸ.

ಬಾಡಿಗೆದಾರರ ಒಪ್ಪಿಗೆ ಇಲ್ಲದೆ, ಕಾನೂನು ಕ್ರಮ ಇಲ್ಲದೆ ಹೊರಗೆ ಹಾಕಿದ್ರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಪ್ರಕಾರ ಆರು ತಿಂಗಳ ಒಳಗೆ ಅವರು ದಾವೆ ಹಾಕಬಹುದು. ಆ ದಾವೆಯಲ್ಲಿ "ಆಸ್ತಿ ನನ್ನದು, ಖಾತೆ ನನ್ನ ಹೆಸರಲ್ಲಿದೆ" ಅನ್ನೋ ವಾದ ನಡೆಯಲ್ಲ. ಸ್ವಾಧೀನದಲ್ಲಿ ಯಾರಿದ್ದರು, ಅವರನ್ನ ಹೇಗೆ ಹೊರಗೆ ಹಾಕಿದ್ರು ಅನ್ನೋದಷ್ಟೇ ಪ್ರಶ್ನೆ. ಒಳಗಿದ್ದ ಮಾಲು ಕಳೆದುಹೋಯ್ತು, ಗಲ್ಲಾಪೆಟ್ಟಿಗೆ ಒಡೆದಿದೆ ಅಂತ ದೂರು ಬಂದರೆ ಅದು ಇನ್ನೊಂದು ತಲೆನೋವು. ಕರೆಂಟ್ ತೆಗೆಸೋದು, ನೀರಿನ ವಾಲ್ವ್ ಬಂದ್ ಮಾಡೋದೂ ಇದೇ ಸಾಲಿಗೆ ಸೇರುತ್ತೆ. ಕೋರ್ಟಿಗೆ ಹೋದ ದಿನ ಇವೆಲ್ಲ ನಿಮ್ಮ ವಿರುದ್ಧವೇ ಬರುತ್ತೆ.

ನೋಟಿಸ್ ಎರಡು ಥರ

ಇಲ್ಲೇ ತುಂಬಾ ಜನ ಗೊಂದಲ ಮಾಡಿಕೊಳ್ಳೋದು.

ಒಂದು, ಬಾಕಿ ಕೇಳೋ ನೋಟಿಸ್. "ಇಷ್ಟು ತಿಂಗಳದ್ದು, ಇಷ್ಟು ರೂಪಾಯಿ ಬಾಕಿ ಇದೆ, ಇಂಥ ದಿನದೊಳಗೆ ಕಟ್ಟಿ" ಅನ್ನೋದು.

ಎರಡು, ಬಾಡಿಗೆ ಮುಗಿಸೋ ನೋಟಿಸ್. "ನಮ್ಮ ನಿಮ್ಮ ಬಾಡಿಗೆ ಸಂಬಂಧ ಇಂಥ ದಿನಕ್ಕೆ ಮುಗಿಯುತ್ತೆ, ಖಾಲಿ ಮಾಡಿ ಸ್ವಾಧೀನ ಕೊಡಿ" ಅನ್ನೋದು.

ಬರೀ ಮೊದಲನೇದನ್ನ ಕೊಟ್ಟು "ನಾನು ನೋಟಿಸ್ ಕೊಟ್ಟಿದೀನಿ, ಖಾಲಿ ಮಾಡಿಸಿ" ಅಂತ ಕೋರ್ಟಿಗೆ ಹೋದರೆ ಕೇಸು ಅಲ್ಲೇ ಮುಗ್ಗರಿಸುತ್ತೆ. "ದುಡ್ಡು ಕೊಟ್ರೆ ಇರು, ಇಲ್ದಿದ್ರೆ ಬಿಡು" ಅಂತ ಎರಡನ್ನೂ ಕಲಸಿ ಬರೆದರೂ, ಬಾಡಿಗೆ ನಿಜವಾಗಿ ಮುಗಿಸಿದ್ರಾ ಇಲ್ವಾ ಅನ್ನೋ ವಾದ ಹುಟ್ಟುತ್ತೆ. ಒಳ್ಳೇ ದಾರಿ ಅಂದ್ರೆ ಮೊದಲು ಬಾಕಿ ಕೇಳಿ ಒಂದು ಕಾಗದ. ಅದಕ್ಕೂ ಬಗ್ಗದಿದ್ರೆ ಬಾಡಿಗೆ ಮುಗಿಸೋ ನೋಟಿಸ್. ಮೊದಲ ಕಾಗದಕ್ಕೇ ಎಷ್ಟೋ ಬಾಕಿ ಬಂದುಬಿಡುತ್ತೆ, ಸಂಬಂಧವೂ ಉಳಿಯುತ್ತೆ.

ಎಷ್ಟು ದಿನ ಟೈಮ್ ಕೊಡಬೇಕು?

ಮೊದಲು ನಿಮ್ಮ ಕರಾರು ಪತ್ರ ತೆಗೆದು ನೋಡಿ. ಅದರಲ್ಲಿ "ಎರಡು ತಿಂಗಳ ಮುಂಚೆ ತಿಳಿಸಬೇಕು" ಅಂತ ಇದ್ದರೆ ಎರಡು ತಿಂಗಳೇ ಕೊಡಬೇಕು. ಕರಾರಲ್ಲಿ ಏನೂ ಇಲ್ಲದಿದ್ದಾಗ ಅಥವಾ ಕರಾರೇ ಇಲ್ಲದಿದ್ದಾಗ ಕಾನೂನಿನ ಲೆಕ್ಕ ಬರುತ್ತೆ.

*ಸಾಮಾನ್ಯ ಅಂಗಡಿ, ಮನೆ, ಗೋಡೌನು:* 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ ಇವು ತಿಂಗಳ ಬಾಡಿಗೆ. 15 ದಿನದ ನೋಟಿಸ್ ಸಾಕು. ಹಿಂದೆ ಆ 15 ದಿನ ಬಾಡಿಗೆ ತಿಂಗಳ ಕೊನೆಗೇ ಮುಗಿಯಬೇಕಿತ್ತು, ಒಂದು ದಿನ ತಪ್ಪಿದ್ರೂ ಕೇಸು ಬಿದ್ದುಹೋಗ್ತಿತ್ತು. ಆಮೇಲೆ ತಿದ್ದುಪಡಿ ಬಂತು. ಈಗ ನೋಟಿಸ್ ಬಾಡಿಗೆದಾರರ ಕೈ ಸೇರಿದ ದಿನದಿಂದ ಎಣಿಕೆ ಶುರು. ನೋಟಿಸ್‌ನಲ್ಲಿ ಕೊಟ್ಟ ದಿನ ಕಮ್ಮಿಯಾಗಿದ್ರೂ, ದಾವೆ ಹಾಕೋ ಹೊತ್ತಿಗೆ 15 ದಿನ ದಾಟಿದ್ರೆ ಅದೊಂದೇ ಕಾರಣಕ್ಕೆ ನೋಟಿಸ್ ರದ್ದಾಗಲ್ಲ. ಆದರೂ 30 ದಿನ ಕೊಟ್ಟರೆ ಯಾರೂ ಬೆರಳು ತೋರಿಸಕ್ಕಾಗಲ್ಲ.

*ಮಗ್ಗದ ಶೆಡ್, ಕಾರ್ಖಾನೆ:* ದೊಡ್ಡಬಳ್ಳಾಪುರದವರು ಇದನ್ನ ಗಮನವಿಟ್ಟು ಓದಬೇಕು. ಅದೇ 106ನೇ ಕಲಂ, ತಯಾರಿಕೆ ಉದ್ದೇಶಕ್ಕೆ ಕೊಟ್ಟ ಜಾಗವನ್ನ ವರ್ಷದ ಬಾಡಿಗೆ ಅಂತ ಪರಿಗಣಿಸುತ್ತೆ. ಅದನ್ನ ಮುಗಿಸೋಕೆ 15 ದಿನ ಅಲ್ಲ, ಆರು ತಿಂಗಳ ನೋಟಿಸ್ ಬೇಕು. ಮಗ್ಗದಲ್ಲಿ ಸೀರೆ ನೇಯೋದು, ರೇಷ್ಮೆ ನೂಲು ತೆಗೆಯೋದು ತಯಾರಿಕೆ ಅಲ್ಲ ಅಂತ ವಾದಿಸೋದು ಕಷ್ಟ. ಆದರೆ ವರ್ಷದ ಬಾಡಿಗೆಗೆ ನೋಂದಣಿಯಾದ ಪತ್ರ ಬೇಕು. ನೋಂದಣಿ ಆಗದೇ ಇದ್ದಾಗ ಆರು ತಿಂಗಳು ಬೇಕಾ, 15 ದಿನ ಸಾಕಾ ಅನ್ನೋದರ ಮೇಲೆ ಕೋರ್ಟಲ್ಲಿ ಉದ್ದ ವಾದಗಳೇ ನಡೆಯುತ್ತೆ. ಶೆಡ್ ಬಾಡಿಗೆಗೆ ಕೊಡೋ ದಿನವೇ "ಇಷ್ಟು ದಿನದ ನೋಟಿಸ್" ಅಂತ ಕರಾರಲ್ಲಿ ಸ್ಪಷ್ಟವಾಗಿ ಬರೆಸಿಬಿಟ್ಟರೆ ಈ ತಕರಾರೇ ಇರಲ್ಲ. ಬರೆಸಿಲ್ಲ ಅಂದ್ರೆ ನೋಟಿಸ್ ಕಳಿಸೋ ಮುಂಚೆ ವಕೀಲರಿಗೆ ತೋರಿಸಿ.

*ಕಮ್ಮಿ ಬಾಡಿಗೆಯ ಹಳೇ ಮನೆ, ಚಿಕ್ಕ ಅಂಗಡಿ:* ಇವುಗಳಲ್ಲಿ ಕೆಲವಕ್ಕೆ ಕರ್ನಾಟಕ ಬಾಡಿಗೆ ಕಾಯ್ದೆ, 1999 ಅನ್ವಯಿಸಬಹುದು. ಇದು 2001ರ ಕೊನೆಗೆ ಜಾರಿಗೆ ಬಂತು. ಕಾಯ್ದೆಯ ಅನುಸೂಚಿಯಲ್ಲಿರೋ ಪ್ರದೇಶಗಳಿಗೆ ಮಾತ್ರ ಇದು ಲಾಗೂ ಆಗುತ್ತೆ. ಅಲ್ಲೂ ಮಿತಿಗಳಿವೆ. ಕಾಯ್ದೆಯ ಲೆಕ್ಕದ ಬಾಡಿಗೆ ಅನುಸೂಚಿಯ 'ಎ' ಭಾಗದ ಪ್ರದೇಶದಲ್ಲಿ ತಿಂಗಳಿಗೆ 3,500 ರೂಪಾಯಿ, ಬೇರೆ ಕಡೆ 2,000 ರೂಪಾಯಿ ದಾಟಿದ್ರೆ ಈ ಕಾಯ್ದೆ ಬರಲ್ಲ. ಅಂಗಡಿ 14 ಚದರ ಮೀಟರ್‌ಗಿಂತ ದೊಡ್ಡದಿದ್ರೂ ಬರಲ್ಲ. 14 ಚದರ ಮೀಟರ್ ಅಂದ್ರೆ ಹತ್ತತ್ರ 150 ಚದರ ಅಡಿ. ಅಂದ್ರೆ 10 ಅಡಿಗೆ 12 ಅಡಿಯ ಚಿಕ್ಕ ಅಂಗಡಿ ಮಿತಿಯೊಳಗೆ, 12 ಅಡಿಗೆ 15 ಅಡಿಯದ್ದು ಹೊರಗೆ. ಈ ಕಾಯ್ದೆ ಅನ್ವಯಿಸೋ ಕಡೆ ಮೊದಲು ಬಾಕಿ ಕೇಳೋ ನೋಟಿಸ್ ಕೊಡಬೇಕು. ಅದು ತಲುಪಿ ಎರಡು ತಿಂಗಳಾದ್ರೂ ಪೂರ್ತಿ ಬಾಕಿ ಕಟ್ಟದಿದ್ರೆ ಮಾತ್ರ ಆ ಕಾರಣದ ಮೇಲೆ ಖಾಲಿ ಮಾಡಿಸೋಕೆ ಕೇಳಬಹುದು.

*ನಗರಸಭೆ, ಪುರಸಭೆ ಮಳಿಗೆಗಳು:* ಇವು ಸ್ಥಳೀಯ ಸಂಸ್ಥೆಯ ಆಸ್ತಿ. ಬಾಡಿಗೆ ಕಾಯ್ದೆ ಇವುಗಳಿಗೆ ಅನ್ವಯಿಸಲ್ಲ. ಸಾರ್ವಜನಿಕ ಕಟ್ಟಡಗಳಿಂದ ಅನಧಿಕೃತ ವಾಸಿಗಳನ್ನ ತೆರವು ಮಾಡೋಕೆ 1974ರ ಪ್ರತ್ಯೇಕ ಕಾಯ್ದೆಯೇ ಇದೆ.

ಹನ್ನೊಂದು ತಿಂಗಳ ಅಗ್ರಿಮೆಂಟ್ ಕಥೆ

ಒಂದು ವರ್ಷಕ್ಕಿಂತ ಹೆಚ್ಚು ಅವಧಿಯ ಬಾಡಿಗೆ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಅದನ್ನ ತಪ್ಪಿಸೋಕೇ ಎಲ್ಲರೂ 11 ತಿಂಗಳು ಅಂತ ಬರೆಸೋದು. ನೋಟರಿ ಸೀಲು ಬಿದ್ದ ಮಾತ್ರಕ್ಕೆ ನೋಂದಣಿ ಆದ ಹಾಗಲ್ಲ. ಮೂರು ವರ್ಷಕ್ಕೆ ಅಂತ ಬರೆದು ನೋಟರಿ ಮಾತ್ರ ಮಾಡಿಸಿದ್ರೆ, ಮೂರು ವರ್ಷದ ಹಕ್ಕು ಇಬ್ಬರಿಗೂ ಸಿಗಲ್ಲ. ಸಾಮಾನ್ಯ ಅಂಗಡಿ, ಮನೆಯಾದ್ರೆ ಕಾನೂನು ಅದನ್ನ ತಿಂಗಳ ಬಾಡಿಗೆ ಅಂತಲೇ ನೋಡುತ್ತೆ.

11 ತಿಂಗಳು ಮುಗಿದು, ಹೊಸ ಪತ್ರ ಬರೆಸದೆ ಬಾಡಿಗೆ ತಗೊಳ್ತಾ ಹೋಗಿದ್ದೀರಾ? ಆಗಲೂ ಅದು ತಿಂಗಳ ಬಾಡಿಗೆಯಾಗಿ ಮುಂದುವರಿದಿದೆ ಅಂತಲೇ ಲೆಕ್ಕ. ಬಿಡಿಸೋಕೆ 15 ದಿನದ ನೋಟಿಸ್ ಬೇಕು.

ಐದು, ಹತ್ತು ವರ್ಷಕ್ಕೆ ನೋಂದಣಿ ಮಾಡಿಸಿದ ಪತ್ರ ಇದ್ದು ಅವಧಿ ಇನ್ನೂ ಬಾಕಿ ಇದ್ರೆ 15 ದಿನದ ಆಟ ನಡೆಯಲ್ಲ. "ಬಾಡಿಗೆ ತಪ್ಪಿದ್ರೆ ಮಾಲೀಕರು ಜಾಗ ವಾಪಸ್ ಪಡೀಬಹುದು" ಅನ್ನೋ ಷರತ್ತು ಪತ್ರದಲ್ಲೇ ಇರಬೇಕು, ಅದನ್ನ ಬಳಸ್ತಾ ಇದೀನಿ ಅಂತ ಲಿಖಿತ ನೋಟಿಸ್ ಕೊಡಬೇಕು. ಆಗಲೂ ಬಾಡಿಗೆದಾರರು ಕೋರ್ಟಲ್ಲಿ ಪೂರ್ತಿ ಬಾಕಿ, ಬಡ್ಡಿ, ದಾವೆ ಖರ್ಚು ಕಟ್ಟಿದ್ರೆ ನ್ಯಾಯಾಧೀಶರು 114ನೇ ಕಲಂ ಪ್ರಕಾರ ಅವರಿಗೆ ಇನ್ನೊಂದು ಅವಕಾಶ ಕೊಡಬಹುದು.

ಛಾಪಾ ಕಾಗದದ ವಿಷಯದಲ್ಲೂ ಜಿಪುಣತನ ಬೇಡ. ಮುದ್ರಾಂಕ ಶುಲ್ಕ ಕಮ್ಮಿ ಕಟ್ಟಿದ ಪತ್ರವನ್ನ ಕೋರ್ಟ್ ಹಾಗೇ ಸಾಕ್ಷಿಯಾಗಿ ತಗೊಳ್ಳಲ್ಲ. ಕಮ್ಮಿ ಬಿದ್ದ ಶುಲ್ಕದ ಜೊತೆ ಅದರ ಹತ್ತು ಪಟ್ಟು ದಂಡ ಬೀಳಬಹುದು.

ನೋಟಿಸ್‌ನಲ್ಲಿ ಏನೇನಿರಬೇಕು?

ವಕೀಲರ ಕೈಯಲ್ಲೇ ಬರೆಸಬೇಕು ಅಂತ ಕಾನೂನಿಲ್ಲ. ನೀವೇ ಬರೆದು ಸಹಿ ಮಾಡಬಹುದು, ನಿಮ್ಮ ಪರವಾಗಿ ಬೇರೆಯವರೂ ಮಾಡಬಹುದು. ಕನ್ನಡದಲ್ಲೇ ಬರೀರಿ. ಬಾಡಿಗೆದಾರರಿಗೆ ಕನ್ನಡ ಓದೋಕೆ ಬರಲ್ಲ ಅಂದ್ರೆ ಅವರಿಗೆ ಗೊತ್ತಿರೋ ಭಾಷೆಯಲ್ಲೂ ಒಂದು ಪ್ರತಿ ಸೇರಿಸಿದ್ರೆ ಒಳ್ಳೇದು. ಬಾಡಿಗೆ ಮುಗಿಸೋ ನೋಟಿಸ್‌ನ ಒಂದು ಮಾದರಿ ಇಲ್ಲಿದೆ. ಹೆಸರು, ಮೊತ್ತ ಬದಲಾಯಿಸಿಕೊಳ್ಳಿ:

> ದಿನಾಂಕ: \_\_\_\_
>
> ಇಂದ: (ಮಾಲೀಕರ ಹೆಸರು, ಪೂರ್ತಿ ವಿಳಾಸ)
> ಗೆ: (ಬಾಡಿಗೆದಾರರ ಹೆಸರು, ಮನೆ ವಿಳಾಸ ಮತ್ತು ಅಂಗಡಿ ವಿಳಾಸ)
>
> ವಿಷಯ: ಬಾಡಿಗೆ ಮುಕ್ತಾಯಗೊಳಿಸಿ ಸ್ವಾಧೀನ ಕೇಳುವ ನೋಟಿಸ್
>
> ಕೆಳಗಿನ ಚಕ್ಕುಬಂದಿಯ ನನ್ನ ಅಂಗಡಿಯಲ್ಲಿ ತಾವು ತಿಂಗಳಿಗೆ 12,000 ರೂಪಾಯಿ ಬಾಡಿಗೆಗೆ ಇದ್ದೀರಿ. ಬಾಡಿಗೆ ಪ್ರತಿ ತಿಂಗಳು 5ನೇ ತಾರೀಕಿನೊಳಗೆ ಕೊಡತಕ್ಕದ್ದು. ತಾವು ಕೊಟ್ಟ ಮುಂಗಡ ಹಣ \_\_\_\_ ರೂಪಾಯಿ ನನ್ನಲ್ಲಿದೆ.
>
> \_\_\_\_ ತಿಂಗಳಿನಿಂದ \_\_\_\_ ತಿಂಗಳವರೆಗೆ 4 ತಿಂಗಳ ಬಾಡಿಗೆ 48,000 ರೂಪಾಯಿ ಬಾಕಿ ಇದೆ. \_\_\_\_ ರಂದು ಪತ್ರ ಬರೆದು ಕೇಳಿದ್ದರೂ ತಾವು ಪಾವತಿಸಿಲ್ಲ.
>
> ಆದ್ದರಿಂದ ಈ ನೋಟಿಸ್ ತಮಗೆ ತಲುಪಿದ ದಿನದಿಂದ 30 ದಿನ ಮುಗಿದ ಕೂಡಲೇ ತಮ್ಮ ಬಾಡಿಗೆಯನ್ನು ಮುಕ್ತಾಯಗೊಳಿಸಿದ್ದೇನೆ. ಅಷ್ಟರೊಳಗೆ ಅಂಗಡಿ ಖಾಲಿ ಮಾಡಿ ಸ್ವಾಧೀನ ಕೊಡಬೇಕು, ಬಾಕಿಯನ್ನೂ ಪಾವತಿಸಬೇಕು. ತಪ್ಪಿದಲ್ಲಿ ಸ್ವಾಧೀನ, ಬಾಕಿ ಮತ್ತು ಆ ದಿನದ ನಂತರದ ಬಳಕೆಯ ನಷ್ಟಕ್ಕೆ ನ್ಯಾಯಾಲಯದಲ್ಲಿ ದಾವೆ ಹೂಡುತ್ತೇನೆ.
>
> ಚಕ್ಕುಬಂದಿ: ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ, ಅಂಗಡಿ ಅಳತೆ, ಕಟ್ಟಡದ ಖಾತಾ ಸಂಖ್ಯೆ
>
> ಸಹಿ

ಬಯ್ಗುಳ, ಬೆದರಿಕೆ, ಜಾತಿ ಮಾತು ಒಂದಕ್ಷರವೂ ಬೇಡ. ಲೆಕ್ಕ ಸರಿಯಾಗಿರಲಿ. ಸಾಲ ಕೊಟ್ಟ ದುಡ್ಡು, ಚೀಟಿ ದುಡ್ಡು ಇದಕ್ಕೆ ಸೇರಿಸಬೇಡಿ. ಮೂರು ವರ್ಷಕ್ಕಿಂತ ಹಳೇ ಬಾಡಿಗೆ ಬಾಕಿಗೆ ದಾವೆಯ ಕಾಲಮಿತಿ ಮುಗಿದಿರುತ್ತೆ, ಹಾಗಾಗಿ ಸುಮ್ಮನೆ ವರ್ಷಗಟ್ಟಲೆ ಕಾಯಬೇಡಿ.

ಕರಾರು ಅಪ್ಪನ ಹೆಸರಲ್ಲಿದ್ದು ಅವರು ತೀರಿಕೊಂಡಿದ್ರೆ ವಾರಸುದಾರರೆಲ್ಲರ ಹೆಸರಲ್ಲಿ ನೋಟಿಸ್ ಕೊಡೋದು ಸೇಫ್. ಅಣ್ಣತಮ್ಮಂದಿರ ಭಾಗ ಆಗಿದ್ರೆ ಇನ್ಮೇಲೆ ಬಾಡಿಗೆ ಯಾರಿಗೆ ಕೊಡಬೇಕು ಅಂತ ಬಾಡಿಗೆದಾರರಿಗೆ ಮೊದಲೇ ಲಿಖಿತವಾಗಿ ತಿಳಿಸಿರಬೇಕು. "ಯಾರಿಗೆ ಕೊಡ್ಬೇಕು ಅಂತಾನೇ ಗೊತ್ತಾಗ್ಲಿಲ್ಲ" ಅನ್ನೋ ನೆಪಕ್ಕೆ ಜಾಗ ಕೊಡಬೇಡಿ.

ತಲುಪಿಸೋದೇ ಮುಖ್ಯ

ಕಾನೂನು ಒಪ್ಪೋ ದಾರಿಗಳು ಇಷ್ಟು: ಅಂಚೆ ಮೂಲಕ ಕಳಿಸೋದು, ಬಾಡಿಗೆದಾರರ ಕೈಗೇ ಕೊಡೋದು, ಅವರ ವಾಸದ ಮನೆಯಲ್ಲಿ ಮನೆಯವರಿಗೆ ಅಥವಾ ಕೆಲಸದವರಿಗೆ ಕೊಡೋದು. ಇದ್ಯಾವುದೂ ಆಗದಿದ್ರೆ ಮಾತ್ರ ಜಾಗದ ಎದ್ದು ಕಾಣೋ ಕಡೆ ಅಂಟಿಸೋದು. ಇಲ್ಲಿ "ವಾಸದ ಮನೆಯಲ್ಲಿ" ಅನ್ನೋದನ್ನ ಗಮನಿಸಿ. ಅಂಗಡಿಯಲ್ಲಿರೋ ಹುಡುಗನ ಕೈಗೆ ಕೊಟ್ಟು ಬಂದ್ರೆ ನಾಳೆ ತಕರಾರು ಬರುತ್ತೆ.

ಅಂಚೆಯೇ ಎಲ್ಲಕ್ಕಿಂತ ಭದ್ರ. ಮೊದಲೆಲ್ಲ "ರಿಜಿಸ್ಟರ್ ಪೋಸ್ಟ್ ಮಾಡಿ" ಅಂತ ಹೇಳ್ತಿದ್ವಿ. 2025ರ ಸೆಪ್ಟೆಂಬರ್ 1ರಿಂದ ಅಂಚೆ ಇಲಾಖೆ ರಿಜಿಸ್ಟರ್ಡ್ ಪೋಸ್ಟನ್ನ ಸ್ಪೀಡ್ ಪೋಸ್ಟ್ ಜೊತೆ ವಿಲೀನ ಮಾಡಿದೆ. ಈಗ ಕೌಂಟರ್‌ನಲ್ಲಿ ಸ್ಪೀಡ್ ಪೋಸ್ಟನ್ನೇ ರಿಜಿಸ್ಟ್ರೇಷನ್ ಸೌಲಭ್ಯದ ಜೊತೆ ಕೇಳಿ, ತಲುಪಿದ್ದಕ್ಕೆ ಪುರಾವೆಯನ್ನೂ ಕೇಳಿ. ಮನೆ ವಿಳಾಸಕ್ಕೊಂದು, ಅಂಗಡಿ ವಿಳಾಸಕ್ಕೊಂದು ಕಳಿಸಿ. ರಸೀದಿ ಜೋಪಾನ ಮಾಡಿ, ಟ್ರ್ಯಾಕಿಂಗ್ ಪುಟದ ಪ್ರಿಂಟ್ ತಗೊಳ್ಳಿ, ನೋಟಿಸ್‌ನ ಸಹಿ ಇರೋ ಪ್ರತಿ ಇಟ್ಟುಕೊಳ್ಳಿ.

"ತಗೊಳ್ಳಲು ನಿರಾಕರಿಸಿದ್ದಾರೆ" ಅಂತ ಷರಾ ಬರೆದು ಕವರ್ ವಾಪಸ್ ಬಂದರೆ ಗಾಬರಿ ಬೇಡ. ಸರಿಯಾದ ವಿಳಾಸಕ್ಕೆ ಕಳಿಸಿದ್ದ ನೋಟಿಸ್ ನಿರಾಕರಿಸಿದ್ರೆ ಅದು ತಲುಪಿದ ಹಾಗೇ ಅಂತ ಕೋರ್ಟುಗಳು ನೋಡುತ್ವೆ. ಆದರೆ ಆ ಕವರ್ ಒಡೀಬೇಡಿ. ಸೀಲ್ ಇರೋ ಕವರೇ ನಿಮ್ಮ ಸಾಕ್ಷಿ.

ಕೈಯಲ್ಲಿ ಕೊಟ್ರೆ ನಿಮ್ಮ ಪ್ರತಿ ಮೇಲೆ "ತಲುಪಿದೆ" ಅಂತ ಬರೆಸಿ ಸಹಿ, ತಾರೀಕು ಹಾಕಿಸಿ. ಅಂಟಿಸಿದ್ರೆ ಅಕ್ಕಪಕ್ಕದ ಇಬ್ಬರ ಸಹಿ, ಫೋಟೋ ಇರಲಿ.

ವಾಟ್ಸ್‌ಆ್ಯಪ್‌ನಲ್ಲಿ ಹಾಕಿದ್ರೆ ಸಾಲಲ್ವಾ? ಜೊತೆಗೆ ಹಾಕಿ, ಅದೊಂದನ್ನೇ ನಂಬಬೇಡಿ. 106ನೇ ಕಲಮಿನಲ್ಲಿ ವಾಟ್ಸ್‌ಆ್ಯಪ್ ಇಲ್ಲ. ಆದರೆ "ಮುಂದಿನ ವಾರ ಕೊಡ್ತೀನಿ ಅಣ್ಣ" ಅಂತ ಅವರು ಕಳಿಸಿದ ಮೆಸೇಜು ಬಾಕಿ ಒಪ್ಪಿಕೊಂಡಿದ್ದಕ್ಕೆ ಒಳ್ಳೇ ಪುರಾವೆ. ಡಿಲೀಟ್ ಮಾಡಬೇಡಿ. ಕೋರ್ಟಿಗೆ ಹಾಜರುಪಡಿಸುವಾಗ 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತೆ.

ನೋಟಿಸ್ ಆದ ಮೇಲೆ ದುಡ್ಡು ಬಂದ್ರೆ?

ನೋಟಿಸ್ ಕೊಟ್ಟ ಮೇಲೆ ಬಾಡಿಗೆದಾರರು ಫೋನ್‌ಪೇ ಮಾಡಿಬಿಡ್ತಾರೆ. ಅದನ್ನ ತಗೊಂಡ್ರೆ ನೋಟಿಸ್ ಬಿದ್ದುಹೋಗುತ್ತಾ? ಬರೀ ಬಾಡಿಗೆ ತಗೊಂಡ ಮಾತ್ರಕ್ಕೆ ನೋಟಿಸ್ ಬಿಟ್ಟುಕೊಟ್ಟ ಹಾಗಲ್ಲ ಅಂತ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ಆದರೂ ವಾದಕ್ಕೆ ಜಾಗ ಯಾಕೆ ಕೊಡಬೇಕು? "ಈ ಹಣವನ್ನು ನೋಟಿಸ್‌ಗೆ ಧಕ್ಕೆಯಾಗದಂತೆ ಬಾಕಿಗೆ ಜಮಾ ಮಾಡಿಕೊಂಡಿದ್ದೇನೆ" ಅಂತ ಅದೇ ದಿನ ಲಿಖಿತವಾಗಿ ತಿಳಿಸಿ. ರಾಜಿಯಾಗಿ ಅವರೇ ಮುಂದುವರಿಯಲಿ ಅಂತ ಅನಿಸಿದ್ರೆ ಹೊಸ ಕರಾರು ಬರೆಸಿ. ಬಾಯಿಮಾತಲ್ಲಿ ಬಿಡಬೇಡಿ.

ಇನ್ನು "ಅಡ್ವಾನ್ಸ್‌ನಲ್ಲಿ ಹಿಡ್ಕೊಳ್ಳಿ" ಅನ್ನೋ ಮಾತು. ತಿಂಗಳ ಬಾಡಿಗೆಯನ್ನ ಅಡ್ವಾನ್ಸ್‌ನಲ್ಲಿ ಕಳೀಬಹುದಾ ಅನ್ನೋದು ಕರಾರಿನ ಮೇಲೆ ನಿಂತಿದೆ. "ಖಾಲಿ ಮಾಡುವಾಗ ಮಾತ್ರ ಲೆಕ್ಕ" ಅಂತ ಬರೆದಿದ್ರೆ ಬಾಡಿಗೆದಾರರು ತಾವೇ ಕಳೆದುಕೊಳ್ಳೋ ಹಾಗಿಲ್ಲ. ಏನೂ ಬರೆದಿಲ್ಲ ಅಂದ್ರೆ ಜಗಳ ಗ್ಯಾರಂಟಿ. ಖಾಲಿ ಮಾಡಿದ ದಿನ ಬಾಕಿ ಕಳೆದು ಉಳಿದ ಅಡ್ವಾನ್ಸ್ ವಾಪಸ್ ಕೊಡೋದು ಮಾಲೀಕರ ಜವಾಬ್ದಾರಿ.

ಬಾಡಿಗೆದಾರರಿಗೆ ಒಂದು ಮಾತು

ನೋಟಿಸ್ ಬಂದ್ರೆ ತಗೊಳ್ಳಿ. ತಗೊಳ್ಳದೆ ಓಡಾಡಿದ್ರೆ ನಷ್ಟ ನಿಮಗೇ. ಲೆಕ್ಕ ತಪ್ಪಿದ್ರೆ ಕೊಟ್ಟಿರೋ ಬಾಡಿಗೆಯ ವಿವರ ಬರೆದು ಉತ್ತರ ಕಳಿಸಿ. ಕೈಯಲ್ಲಿ ಕ್ಯಾಶ್ ಕೊಟ್ಟರೆ ರಸೀದಿ ಕೇಳಿ, ಕೊಡಲ್ಲ ಅಂದ್ರೆ ಬ್ಯಾಂಕ್ ಖಾತೆಗೆ ಹಾಕಿ. ಬಾಡಿಗೆ ಮುಗಿದ ಮೇಲೂ ಕೂತಿದ್ರೆ ಹಳೇ ಬಾಡಿಗೆ ದರವಲ್ಲ, ಮಾರುಕಟ್ಟೆ ದರದಲ್ಲಿ ನಷ್ಟ ಕಟ್ಟಿಕೊಡಿ ಅಂತ ಕೋರ್ಟ್ ಹೇಳಬಹುದು. ಬೀಗ ಹಾಕಿ ಹೊರಗೆ ಹಾಕಿದ್ರೆ ಮೇಲೆ ಹೇಳಿದ ಆರು ತಿಂಗಳ ಗಡುವು ಮರೀಬೇಡಿ.

ಕೋರ್ಟಿಗೆ ಮುಂಚೆ ಇನ್ನೊಂದು ಬಾಗಿಲು

ನೋಟಿಸ್ ಅವಧಿ ಮುಗಿದ್ರೂ ಬಿಡಲಿಲ್ಲ ಅಂದ್ರೆ ಸಿವಿಲ್ ಕೋರ್ಟಲ್ಲಿ ದಾವೆ ಹಾಕಬೇಕು. ದಾವೆಗೆ ಕಾಲ ಹಿಡಿಯುತ್ತೆ, ಖರ್ಚೂ ಇದೆ. ಅದಕ್ಕೆ ಮುಂಚೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟು ಲೋಕ ಅದಾಲತ್‌ನಲ್ಲಿ ರಾಜಿಗೆ ಪ್ರಯತ್ನಿಸಬಹುದು. ಕೇಸು ದಾಖಲಾಗೋ ಮುಂಚೆಯೂ ಇದಕ್ಕೆ ಅವಕಾಶ ಇದೆ. ಅಲ್ಲಿ ಇಬ್ಬರೂ ಒಪ್ಪಿ ಆದ ತೀರ್ಪಿಗೆ ಕೋರ್ಟ್ ಡಿಕ್ರಿಯಷ್ಟೇ ಬೆಲೆ, ಅದರ ಮೇಲೆ ಮೇಲ್ಮನವಿ ಇಲ್ಲ. "ಬಾಕಿಯನ್ನ ಆರು ಕಂತಲ್ಲಿ ಕಟ್ಟಿ ಯುಗಾದಿಗೆ ಖಾಲಿ ಮಾಡ್ತೀನಿ" ಅನ್ನೋ ಥರದ ಒಪ್ಪಂದಕ್ಕೆ ಇದು ಸರಿಯಾದ ಜಾಗ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕಡಿಮೆ ಆದಾಯದವರಿಗೆ ಉಚಿತವಾಗಿ ವಕೀಲರೂ ಸಿಗ್ತಾರೆ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ ಸಂಖ್ಯೆ 15100.

ಬಾಕಿ ಒಂದು ತಿಂಗಳು ದಾಟಿದ ಕೂಡಲೇ ಮಾಲೀಕರು ಮಾಡಬೇಕಾದ್ದು ಮೂರು ಕೆಲಸ: ಕರಾರು ಪತ್ರ ಹುಡುಕಿ, ಯಾವ ತಿಂಗಳದ್ದು ಎಷ್ಟು ಬಂದಿದೆ ಅಂತ ಒಂದು ಹಾಳೆಯಲ್ಲಿ ಬರೀರಿ, ಬಾಕಿ ಕೇಳಿ ಮೊದಲ ಕಾಗದ ಅಂಚೆಗೆ ಹಾಕಿ. ಕೈಯಲ್ಲಿರೋ ಬೀಗ ನಿಮ್ಮ ಮನೆ ಬಾಗಿಲಿಗೇ ಇರಲಿ.